ಯಾರೂ ಇಲ್ಲದ ಮನೆ

ಬಾಗಿಲಿಗೆ ಉತ್ತರ ಕೊಡುವ ಕೆಲಸ ನನಗೆ ಐದನೇ ವರ್ಷಕ್ಕೇ ಬಂತು. ಕಲ್ಯಾಣದಲ್ಲಿ, ಅಂದರೆ ಈಗ ಎಲ್ಲರೂ ಬಸವಕಲ್ಯಾಣ ಅನ್ನುವ ಊರಲ್ಲಿ, ಕೋಟೆಯ ಕಡೆ ಹೋಗುವ ಓಣಿಯಲ್ಲಿ ನಮ್ಮ ಮನೆ. ಎತ್ತರದ ಕಟ್ಟೆ, ದಪ್ಪನೆಯ ಬಾಗಿಲು, ಬಾಗಿಲು ದಾಟಿದರೆ ಪಡಸಾಲೆ, ಪಡಸಾಲೆ ದಾಟಿದರೆ ಅಂಗಳ, ಅಂಗಳದ ಆಚೆ ಅಡುಗೆಮನೆ, ಅದರ ಮಗ್ಗುಲಿಗೆ ಎಮ್ಮೆಯ ಜಾಗ. ಪಡಸಾಲೆ ಗಂಡಸರದು. ಅಂಗಳದಿಂದ ಆಚೆಯದು ನಮ್ಮದು, ಎಮ್ಮೆಯದೂ ಸೇರಿ. ಅಪ್ಪನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ, ರಾಜೇಶ್ವರದಲ್ಲಿ ಹೊಲ. ಅಣ್ಣ ಶರಣ ಶಾಲೆಗೆ ಹೋಗುತ್ತಿದ್ದ. ಹೀಗಾಗಿ ಹಗಲೆಲ್ಲ ಮನೆಯಲ್ಲಿ ಇರುತ್ತಿದ್ದವರು ಮೂವರು. ಅಪ್ಪನ ತಾಯಿ, ನಾವು ಆಯಿ ಅನ್ನುತ್ತಿದ್ದೆವು. ನನ್ನ ಅವ್ವ. ಮತ್ತು ನಾನು. ಯಾರಾದರೂ ಗಂಡಸು ಕೆಲಸದ ಮೇಲೆ ಬಂದರೆ ಕಟ್ಟೆಯ ಕೆಳಗೆ ನಿಂತು ಕೂಗುತ್ತಿದ್ದ.

“ಮನ್ಯಾಗ ಯಾರದಾರ್ರಿ?”

ನಾನು ಬಾಗಿಲ ಹಿಂದೆ ನಿಂತು ಹೇಳಬೇಕು.

“ಯಾರೂ ಇಲ್ರಿ.”

ಅಷ್ಟೇ. ಬಂದವನು ಹೋಗಿಬಿಡುತ್ತಿದ್ದ. ಎರಡನೇ ಮಾತು ಕೇಳುವುದು ಮರ್ಯಾದಸ್ಥರ ಲಕ್ಷಣವಲ್ಲ. ಗಂಡಸರು ಮನೆಯಲ್ಲಿಲ್ಲ ಅಂತ ಅದರ ಅರ್ಥ, ಇಡೀ ಓಣಿಗೆ ಗೊತ್ತು. ಸೊಸೆಯ ದನಿ ಹೊರಗೆ ಕೇಳಬಾರದು, ಅತ್ತೆ ಬಾಗಿಲಿಗೆ ಬಂದು ಮಾತಾಡಿದರೆ ಮನೆತನಕ್ಕೆ ಹಗುರ. ಸಣ್ಣ ಹುಡುಗಿಯ ದನಿಗೆ ಲೆಕ್ಕವಿಲ್ಲ, ಆದ್ದರಿಂದ ಆ ಮನೆಯ ದನಿ ನಾನಾದೆ. ದಿನಕ್ಕೆ ನಾಲ್ಕು ಸಲವೋ ಐದು ಸಲವೋ ‘ಯಾರೂ ಇಲ್ರಿ’ ಅನ್ನುತ್ತಿದ್ದೆ. ಒಳಗೆ ಅವ್ವ ಜೋಳದ ರೊಟ್ಟಿ ಬಡಿಯುವ ಸದ್ದು ಓಣಿಯ ಆ ತುದಿಗೂ ಕೇಳುತ್ತಿತ್ತು. ಯಾರೂ ಇಲ್ಲದ ಮನೆಯಲ್ಲಿ ರೊಟ್ಟಿ ಯಾರು ಬಡೀಲಾಕತ್ತಾರ ಅಂತ ಒಬ್ಬನೇ ಒಬ್ಬ ಗಂಡಸು, ನಗೆಚಾಟಿಕೆಗಾದರೂ, ಕೇಳಲಿಲ್ಲ. ಆ ರೊಟ್ಟಿಯನ್ನು ತಿನ್ನುವಾಗ ಮಾತ್ರ ಎಲ್ಲರೂ ಇರುತ್ತಿದ್ದರು. ಅಪ್ಪ, ಶರಣ, ರಾಜೇಶ್ವರದಿಂದ ಬಂದ ಆಳು, ಎಲ್ಲರದೂ ಆದ ಮೇಲೆ ಆಯಿ, ಆಯಿಯದು ಆದ ಮೇಲೆ ಅವ್ವ ಮತ್ತು ನಾನು ತಣ್ಣಗಾದ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ಉಣ್ಣುತ್ತಿದ್ದೆವು.

ಎಂಟು ವರ್ಷದವಳಿದ್ದಾಗ ಒಂದು ದಿನ ಏನು ಹೊಳೆಯಿತೋ, ಬಾಗಿಲಲ್ಲಿ ಕೂಗಿದವನಿಗೆ, ‘ಮೂರು ಮಂದಿ ಅದೀವ್ರಿ’ ಅಂದುಬಿಟ್ಟೆ. ಹೊರಗೆ ನಿಂತವನು ಹೋ ಅಂತ ನಕ್ಕ. ಅವನ ನಗು ಅಂಗಳ ದಾಟಿ ಆಯಿಗೆ ಕೇಳಿತು. ಆಯಿ ನನ್ನ ಜಡೆ ಹಿಡಿದು ಎಳೆದುಕೊಂಡು ಹೋಗಿ ಬೆನ್ನಿಗೆ ನಾಲ್ಕು ಬಾರಿಸಿದಳು, ಬೈಗುಳ ಮಾತ್ರ ಅವ್ವನಿಗೆ.

“ಹುಮನಾಬಾದ್ ಬುದ್ಧಿ! ತಾಯಿ ಹ್ಯಾಂಗ, ಮಗಳು ಹಂಗ. ಬಂದವಗ ಲೆಕ್ಕಾ ಕೊಡ್ತಾಳ, ಲೆಕ್ಕಾ!”

ಅವ್ವನ ತವರು ಹುಮನಾಬಾದ್. ನಮ್ಮ ಮನೆಯಲ್ಲಿ ಪಲ್ಲೆಗೆ ಉಪ್ಪು ಹೆಚ್ಚಾದರೆ ಅದು ಹುಮನಾಬಾದಿನದು, ಎಮ್ಮೆ ಹಾಲು ಕೊಡದಿದ್ದರೆ ಅದೂ ಹುಮನಾಬಾದಿನದು. ಅವ್ವ ತಿರುಗಿ ಒಂದು ಮಾತಾಡಲಿಲ್ಲ. ಅವಳು ತಿರುಗಿ ಮಾತಾಡಿದ್ದನ್ನು ನಾನು ಆವರೆಗೆ ಕಂಡವಳೇ ಅಲ್ಲ. ಆಯಿ ಅತ್ತ ಹೋದ ಮೇಲೆ ನನ್ನ ಬೆನ್ನಿಗೆ ಎಣ್ಣೆ ಸವರಿ, ‘ಹೇಳಿಕೊಟ್ಟಷ್ಟು ಹೇಳಬೇಕವ್ವ, ಹೆಚ್ಚಿಗಿ ಹೇಳಬಾರದು’ ಅಂದಳು. ನನಗೆ ಆಯಿಯ ಹೊಡೆತಕ್ಕಿಂತ ಈ ಮಾತಿನ ಮೇಲೆ ಸಿಟ್ಟು ಬಂತು. ಆ ಸಿಟ್ಟು ಹೋಗಿದೆ ಅಂತ ಹೇಳಿದರೆ ಸುಳ್ಳು ಹೇಳಿದಂತೆ.

ನಿಜಾಮನ ಕಾಲ. ಶಾಲೆ ಅಂದರೆ ಉರ್ದು, ಮುಂದಿನ ತರಗತಿಗಳಲ್ಲಿ ಇಂಗ್ಲಿಷು. ನನಗೆ ಕನ್ನಡ ಅಕ್ಷರವನ್ನು ಮಠದ ಅಯ್ಯನವರು ತಿದ್ದಿಸಿದ್ದರು, ಎಂಟನೇ ವರ್ಷಕ್ಕೆ ಅದನ್ನೂ ಬಿಡಿಸಿದರು. ಶರಣ ಮಾತ್ರ ಓದಲೇಬೇಕು, ಕಚೇರಿಯಲ್ಲಿ ಕೂರಲೇಬೇಕು. ಅವನಿಗೆ ಇಂಗ್ಲಿಷು ಹತ್ತುತ್ತಿರಲಿಲ್ಲ. ಅದಕ್ಕೆ ಅಪ್ಪ ಹಬೀಬ ಮಾಸ್ತರರನ್ನು ಗೊತ್ತು ಮಾಡಿದ. ದಿನಾ ಸಂಜೆ ಅಪ್ಪ ಅಂಗಡಿಯಿಂದ ಬರುವ ಹೊತ್ತಿಗೆ ಮಾಸ್ತರರೂ ಬಂದು ಪಡಸಾಲೆಯ ಜಮಖಾನೆಯ ಮೇಲೆ ಕೂರುತ್ತಿದ್ದರು. ಕಪ್ಪು ಶೇರವಾನಿ, ಎಲೆಯಡಿಕೆ ತಿಂದು ಕೆಂಪಾದ ಬಾಯಿ, ಬಲು ಮೆತ್ತಗಿನ ಮನುಷ್ಯ. ಅವರಿಗೆ ಚಹಾ ಒಯ್ದು ಇಡುವುದು ನನ್ನ ಕೆಲಸ. ಇಟ್ಟು ಬಂದವಳು ಅಂಗಳದ ಬಾಗಿಲ ಹಿಂದೆಯೇ ಅಕ್ಕಿ ಆರಿಸುವ ನೆಪ ಮಾಡಿ ಕೂತುಬಿಡುತ್ತಿದ್ದೆ. ಶರಣನಿಗೆ ಪಾಠ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಒಂದೇ ಪಾಠವನ್ನು ಅವರು ಮೂರು ಸಂಜೆ ಹೇಳುತ್ತಿದ್ದರು. ಅವನ ದಡ್ಡತನದಿಂದ ನನಗೆ ಲಾಭವಾಯಿತು, ಅದೊಂದು ಉಪಕಾರ ಅವನಿಂದ.

ಒಂದು ಸಂಜೆಯ ಪಾಠ ನನಗೆ ಇಂದಿಗೂ ಬಾಯಿಪಾಠ. ಹೆಸರು ಹೇಳದೆ ಜನರನ್ನು ಹೇಳುವ ಮಾತುಗಳು.

“ದೇಖೋ ಬೇಟಾ, ಸಮ್‌ಬಡಿ ಅಂದ್ರ ಯಾರೋ ಒಬ್ಬರು ಅದಾರ, ಖರೇ ಅದಾರ, ಹೆಸರು ಗೊತ್ತಿಲ್ಲ ಅಷ್ಟೇ. ಎನಿಬಡಿ ಅಂದ್ರ ಯಾರಾದ್ರೂ ನಡೀತದ. ಎವ್ರಿಬಡಿ ಅಂದ್ರ ಎಲ್ಲಾರೂ, ಒಬ್ಬರನ್ನೂ ಬಿಡಂಗಿಲ್ಲ. ಆದ್ರ ಎಲ್ಲಾರನ್ನೂ ಒಬ್ಬೊಬ್ಬರನ್ನಾಗಿ ಹಿಡೀತಾರ, ಅದಕ್ಕ ಅಲ್ಲಿ ‘ಈಸ್’ ಬರ್ತದ, ‘ಆರ್’ ಬರಂಗಿಲ್ಲ. ನೋಬಡಿ ಅಂದ್ರ ಒಬ್ಬರೂ ಇಲ್ಲ. ಸಮಝಾ?”

ಶರಣ ತಲೆಯಾಡಿಸಿದ. ಅವನು ತಲೆಯಾಡಿಸಿದನೆಂದರೆ ತಿಳಿದಿಲ್ಲ ಅಂತಲೇ ಅರ್ಥ.

“ಹಂಗಾದ್ರ ಹೇಳು. ಮನ್ಯಾಗ ಯಾರೂ ಇಲ್ಲ. ಇದಕ್ಕ ಇಂಗ್ಲಿಷ್‌ದಾಗ ಏನಂತಾರ?”

ಅವನು ಜಮಖಾನೆಯ ದಾರ ಕೀಳುತ್ತ ಕೂತ. ಮಾಸ್ತರರು ಮತ್ತೆ ಕೇಳಿದರು, ಮತ್ತೆ ಕೇಳಿದರು. ನನ್ನಿಂದ ತಡೆಯಲಾಗಲಿಲ್ಲ. ದಿನಕ್ಕೆ ಐದು ಸಲ ನಾನೇ ಹೇಳುವ ಮಾತು ಅದು, ನನಗೆ ಬರದೆ ಇನ್ಯಾರಿಗೆ ಬರಬೇಕು? ಬಾಗಿಲ ಹಿಂದಿನಿಂದ ಅಂದುಬಿಟ್ಟೆ.

“ದೇರ್ ಈಸ್ ನೋಬಡಿ ಇನ್ ದ ಹೌಸ್.”

ಮಾಸ್ತರರು ಗಟ್ಟಿಯಾಗಿ ನಕ್ಕರು.

“ವಾಹ್! ಮನ್ಯಾಗ ಯಾರೂ ಇಲ್ಲ ಅಂತ ಮನ್ಯಾಗ ಇದ್ದವರೇ ಹೇಳ್ಲಾಕತ್ತಾರಲ್ಲೊ ಶರಣ್ಯಾ!”

ಅಪ್ಪ ಅಲ್ಲೇ ಕೂತಿದ್ದ. ಬೈಯುತ್ತಾನೆ ಅಂತ ನಾನು ಅಕ್ಕಿಯ ಮೊರ ಎತ್ತಿಕೊಂಡು ಏಳಲು ಹೊರಟೆ. ಅಪ್ಪನೂ ನಕ್ಕ. ಆ ನಗುವನ್ನು ನಾನು ಒಪ್ಪಿಗೆ ಅಂದುಕೊಂಡೆ. ಅಪ್ಪ ಒಳ್ಳೆಯ ಮನುಷ್ಯ, ಎಲ್ಲರೂ ಹಾಗೆ ಅನ್ನುತ್ತಿದ್ದರು, ನಾನೂ ಅನ್ನುತ್ತೇನೆ. ಆದರೆ ಒಂದು ವಿಷಯಕ್ಕೆ ಗಟ್ಟಿಯಾಗಿ ನಿಂತದ್ದನ್ನು ಕಾಣೆ. ‘ನೋಡೋಣು’ ಅನ್ನುವುದು ಅವನ ಮಾತು. ಅಂಗಡಿಗೆ ಬಂದ ಗಿರಾಕಿಗೂ ಅದೇ, ಆಯಿಗೂ ಅದೇ, ಅವ್ವನಿಗೂ ಅದೇ.

ಅಂದಿನಿಂದ ಮಾಸ್ತರರು ಪಾಠ ಹೇಳುವಾಗ ದನಿ ಎತ್ತರಿಸಿ ಹೇಳತೊಡಗಿದರು, ಬಾಗಿಲ ಹಿಂದಕ್ಕೂ ಮುಟ್ಟಲಿ ಅಂತ. ಶರಣ ಬರೆದ ಪಾಟಿಯನ್ನು ನೋಡುವ ಮುಂಚೆ, ‘ಒಳಗಿನವರು ಏನಂತಾರ?’ ಅಂತ ಕೇಳುತ್ತಿದ್ದರು. ಎರಡು ವರ್ಷ ಹೀಗೆ ನಡೆಯಿತು. ಶರಣ ಮಲಗಿದ ಮೇಲೆ ಅವನ ಪುಸ್ತಕ, ಪಾಟಿ ಹಿಡಿದು ಅಕ್ಷರವನ್ನೂ ತಿದ್ದಿಕೊಂಡೆ. ನಾನು ಕಲಿತೆ, ಚೆನ್ನಾಗಿಯೇ ಕಲಿತೆ. ಹೀಗಿರುವಾಗ ಒಂದು ಸಂಜೆ ಮಾಸ್ತರರು ಅಪ್ಪನಿಗೆ ಹೇಳಿದರು. ಹುಮನಾಬಾದಿನಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಅವರ ಅಕ್ಕನೇ ಉಸ್ತಾನಿ, ಅಂದರೆ ಕಲಿಸುವಾಕೆ. ಹುಡುಗಿಗೆ ಬುದ್ಧಿ ಇದೆ, ಸೋದರಮಾವನ ಮನೆ ಅಲ್ಲೇ ಇದೆ, ಮಳೆಗಾಲದ ಶುರುವಿಗೆ ಹೆಸರು ಹಚ್ಚಿಬಿಡೋಣ. ಅಪ್ಪ ನೋಡೋಣು ಅಂದ. ಆ ಶಾಲೆಗೆ ನಾನು ಹೋಗಲಿಲ್ಲ. ಓದುವವರು ಸುಮ್ಮನೆ ಆಸೆಪಡುವುದು ಬೇಡ ಅಂತ ಇಲ್ಲೇ ಹೇಳಿಬಿಡುತ್ತೇನೆ. ಆಸೆಪಟ್ಟು ಕೆಟ್ಟದ್ದಕ್ಕೆ ನಾನೊಬ್ಬಳು ಸಾಕು.

ಅಂದು ಊಟದ ಹೊತ್ತಿಗೆ ಜಗಳ ಶುರುವಾಯಿತು.

“ಹುಡುಗಿ ಇಂಗ್ಲಿಷ್ ಕಲ್ತು ಯಾವ ಸಾಹೇಬಗ ಕಾಗದ ಬರೀಬೇಕಾಗ್ಯಾದ? ಮೂಗಿಗಿಂತ ಮೂಗುತಿ ಭಾರ ಆಗಬಾರದು,” ಅಂದಳು ಆಯಿ.

“ನೋಡೋಣು ಬಿಡು ಆಯಿ,” ಅಂದ ಅಪ್ಪ.

“ಏನ್ ನೋಡ್ತಿ? ಇನ್ನೊಂದು ವರ್ಷಕ್ಕ ಕೊಡೋ ಕೂಸು ಅದು.”

ಅವ್ವ ರೊಟ್ಟಿ ನೀಡುತ್ತಿದ್ದಳು. ಅಪ್ಪನ ಗಂಗಾಳಕ್ಕೆ ರೊಟ್ಟಿ ಹಾಕಿ, ಸೆರಗಿನ ಒಳಗಿನಿಂದ, ‘ನಮ್ಮ ಅಣ್ಣ ಇಟಗೋತಾನ್ರಿ’ ಅಂದಳು. ಅಷ್ಟೇ ಮಾತು. ಆಯಿ ಊಟ ಬಿಟ್ಟು ಎದ್ದಳು, ಎರಡು ದಿನ ಉಪವಾಸ ಮಾಡಿದಳು. ಮೂರನೇ ದಿನ ಅವ್ವ ಆಯಿಯ ಕಾಲು ಹಿಡಿದು ಉಣ್ಣಿಸಬೇಕಾಯಿತು. ಅಪ್ಪ ಅಂಗಡಿಗೆ ಹೋದ.

ಆ ಬೇಸಿಗೆಯಲ್ಲಿ ಮಾವನ ಮಗಳ ತೊಟ್ಟಿಲಿಗೆ ಅಂತ ಅವ್ವ ಮತ್ತು ನಾನು ಹುಮನಾಬಾದಿಗೆ ಹೋದೆವು. ದೊಡ್ಡ ಲಡಾಯಿಯ ಕಾಲ, ಪೆಟ್ರೋಲು ಸಿಗದೆ ಬಸ್ಸು ಇದ್ದಿಲಿನ ಹೊಗೆಯಿಂದ ಓಡುತ್ತಿತ್ತು. ಏರು ಬಂದಲ್ಲಿ ಗಂಡಸರೆಲ್ಲ ಇಳಿದು ನೂಕಬೇಕು. ತವರಿನ ಹಾದಿಯಲ್ಲಿ ಅವ್ವನ ಮುಖವೇ ಬೇರೆ, ಕಿಟಕಿಯಿಂದ ಹೊರಗೆ ನೋಡಿ ಆ ಹೊಲ ಯಾರದು ಈ ಬಾವಿ ಯಾರದು ಅಂತ ಹೇಳುತ್ತಿದ್ದಳು. ಹೋದ ಮರುದಿನ ಮಾವನಿಗೂ ಹೇಳದೆ ನನ್ನ ಕೈ ಹಿಡಿದು ಉಸ್ತಾನಿಯ ಮನೆಗೆ ಕರೆದುಕೊಂಡು ಹೋದಳು. ಗುಡಿಗೆ ಹೋಗಿ ಬರುತ್ತೇವೆ ಅಂತ ಅತ್ತಿಗೆಗೆ ಸುಳ್ಳು ಹೇಳಿ ಹೋದಳು. ನನ್ನ ಅವ್ವನಿಗೆ ಸುಳ್ಳು ಹೇಳಲು ಬರುತ್ತದೆ ಅಂತ ನನಗೆ ಅಂದೇ ಗೊತ್ತಾದದ್ದು, ಬಹಳ ಸಂತೋಷವಾಯಿತು.

ಉಸ್ತಾನಿ ಮಾಸ್ತರರ ಹಾಗೆ ಮೆತ್ತಗಲ್ಲ. ದಪ್ಪ ಕನ್ನಡಕ, ಖಡಕ್ ಮಾತು. ನನ್ನನ್ನು ಮುಂದೆ ಕೂರಿಸಿಕೊಂಡು ಪುಸ್ತಕ ಓದಿಸಿದಳು, ಬರೆಸಿದಳು, ಎರಡು ತಪ್ಪು ತೆಗೆದಳು. ಆಮೇಲೆ ಅವ್ವನ ಕಡೆ ತಿರುಗಿದಳು.

“ಹುಡುಗಿ ಚಲೋ ಅದಾಳ. ಮಿರಗದ ಮಳಿ ಹೊತ್ತಿಗಿ ನಮ್ಮ ಚಪರಾಸಿ ಕಲ್ಯಾಣಕ್ಕ ಬರ್ತಾನ. ಮನಿ ಮನಿಗಿ ಹೋಗಿ ಕೇಳ್ತಾನ. ನಿಮ್ಮ ಮನ್ಯಾಗ ಹೂಂ ಅಂದ್ರ ಹೆಸರು ಬರಕೋತೀನಿ. ನೀ ಏನಂತಿ ತಾಯಿ?”

ಅವ್ವ ನಕ್ಕಳು. ‘ನಂದೇನ್ರಿ’ ಅಂದಳು. ಬರುವಾಗ ದಾರಿಯಲ್ಲಿ ನನಗೆ ಒಂದು ಪೆನ್ಸಿಲು ಕೊಡಿಸಿದಳು, ಅದನ್ನು ಸೀರೆಯ ನೆರಿಗೆಯಲ್ಲಿ ಬಚ್ಚಿಟ್ಟುಕೊಂಡು ಕಲ್ಯಾಣಕ್ಕೆ ತಂದಳು.

ಮಿರಗ, ಅಂದರೆ ಮೃಗಶಿರ ಮಳೆ, ಹೂಡಿತು. ಅಪ್ಪ ಬಿತ್ತನೆಗೆ ರಾಜೇಶ್ವರಕ್ಕೆ ಹೊರಟ. ಶರಣನ ಶಾಲೆ ಇನ್ನೂ ಶುರುವಾಗಿರಲಿಲ್ಲ, ಅವನನ್ನೂ ಕರೆದುಕೊಂಡ. ಹೊರಡುವ ಮುಂಚೆ ಅಪ್ಪ ಆಯಿಯ ಹತ್ತಿರ ಬಹಳ ಹೊತ್ತು ಮೆಲ್ಲಗೆ ಮಾತಾಡಿದ. ಏನು ಅಂತ ನಮಗೆ ಹೇಳಲಿಲ್ಲ. ಹೆಂಡತಿಗೆ, ಮಗಳಿಗೆ ಹೇಳುವ ಪದ್ಧತಿ ಇರಲಿಲ್ಲ. ನಾನು ಕೇಳಲೂ ಇಲ್ಲ, ಅಪ್ಪ ತಿರುಗಿ ಬಂದ ಮೇಲೆಯೇ ನನ್ನ ಶಾಲೆಯ ಮಾತು ಅಂದುಕೊಂಡಿದ್ದೆ. ಅದಾಗಿ ಮೂರನೇ ದಿನವೋ ಏನೋ, ಮುಂಜಾನೆ ನಾನು ಪಡಸಾಲೆ ಕಸ ಹೊಡೆಯುತ್ತಿದ್ದೆ. ಆಯಿ ಅಲ್ಲೇ ಗೋಡೆಗೆ ಒರಗಿ ಬತ್ತಿ ಹೊಸೆಯುತ್ತಿದ್ದಳು. ಹೊರಗೆ ಪರಿಚಯವಿಲ್ಲದ ದನಿ.

“ಮನ್ಯಾಗ ಯಾರದಾರ್ರಿ?”

ಕಸಬರಿಗೆ ಸಹ ನಿಲ್ಲಿಸಲಿಲ್ಲ ನಾನು.

“ಯಾರೂ ಇಲ್ರಿ.”

ಹೊರಗಿನವನು ಹೋದ. ಅವನ ಚಪ್ಪಲಿಯ ಸದ್ದು ಓಣಿಯ ತಿರುವಿನ ತನಕ ಕೇಳಿತು. ಆಯಿಯ ಕೈಯಲ್ಲಿ ಬತ್ತಿ ಒಂದು ಗಳಿಗೆ ನಿಂತಿತ್ತು, ನನ್ನ ಕಡೆ ನೋಡಿದಳು, ಮತ್ತೆ ಹೊಸೆಯತೊಡಗಿದಳು. ನಾನು ಕಸ ಎತ್ತಿ ಹೊರಗೆ ಚೆಲ್ಲಿ ಬಂದೆ.

ಎರಡು ದಿನ ಬಿಟ್ಟು ಮಧ್ಯಾಹ್ನ ಹಬೀಬ ಮಾಸ್ತರರು ಬಂದರು. ಪಾಠದ ಹೊತ್ತಲ್ಲ. ಅಪ್ಪ ಇಲ್ಲದ್ದಕ್ಕೆ ಕಟ್ಟೆ ಹತ್ತದೆ ಕೆಳಗೇ ನಿಂತರು. ನಾನು ಬಾಗಿಲಿಗೆ ಓಡಿದೆ.

“ಬೇಟಿ, ಏನಾಯ್ತು? ಚಪರಾಸಿ ಬಂದಿದ್ದ, ಮನ್ಯಾಗ ಯಾರೂ ಇಲ್ಲ ಅಂದ್ರಂತ. ನಿಮ್ಮ ಅಪ್ಪಾಜಿ ಊರಿಗಿ ಹೋಗಾಗ ನನಗ ಅಂಗಡ್ಯಾಗ ಹೇಳಿದ್ರು, ನಾ ಒಪ್ಪೀನಿ, ಬಂದವಗ ಹೂಂ ಅನ್ರಿ ಅಂತ ಮನ್ಯಾಗ ಹೇಳಿ ಹೋಗ್ತೀನಿ ಅಂತ. ಮನಸ್ಸು ತಿರುಗ್ತೇನು?”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ನನ್ನದು ಬಾಯಿಯಿಂದಲೇ ಹೋಗಿತ್ತು. ಅವ್ವ ಅಡುಗೆಮನೆಯಿಂದ ಎದ್ದು ಅಂಗಳಕ್ಕೆ ಬಂದಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಆಯಿಯ ಮುಂದೆ ಹೋಗಿ ನಿಂತಳು.

“ಹೇಳಿ ಹೋಗಿದ್ರೇನ್ರಿ ನಿಮಗ?”

“ಹೇಳಿದ್ದ,” ಅಂದಳು ಆಯಿ. “ಬಂದವ ಅವನೇ ಅಂತ ನನಗೇನ್ ಕನಸು ಬಿದ್ದಿತ್ತೇನು? ಅಕಿ ಬಾಯಿಲೇ ಬಂತು, ಇಲ್ಲ ಅಂತ. ದೇವರೇ ಆಡಿಸ್ಯಾನ.”

“ನೀವು ಅಲ್ಲೇ ಕೂತಿದ್ರಲ್ರಿ!”

“ಕೂತಿದ್ದೆ. ಅದಕ್ಕೇನೀಗ?”

ಅವ್ವನ ಮುಖ ನಾನು ನೋಡಿದೆ. ಅವಳು ಸರ್ರನೆ ತಿರುಗಿದಳು. ಬಾಗಿಲಿಗೆ ಬಂದಳು. ಮದುವೆಯಾಗಿ ಬಂದು ಹದಿನಾರು ವರ್ಷ, ಹೊರಗಿನ ಗಂಡಸಿನ ಕಿವಿಗೆ ಅವಳ ದನಿ ಬಿದ್ದಿರಲಿಲ್ಲ. ಹಿಂದಿನಿಂದ ಆಯಿ, ‘ಏ, ಏ, ಏನ್ ಮಾಡ್ಲಾಕತ್ತಿ’ ಅಂತ ಕೂಗುತ್ತಿದ್ದಳು. ಅವ್ವ ಸೆರಗು ಹಣೆಯ ತನಕ ಎಳೆದುಕೊಂಡು, ಒಂದು ಕೈ ಬಾಗಿಲ ಮೇಲೆ, ಹಿಟ್ಟು ಮೆತ್ತಿದ ಇನ್ನೊಂದು ಕೈ ನನ್ನ ಹೆಗಲ ಮೇಲೆ ಇಟ್ಟಳು.

“ಮಾಸ್ತರ್ರಿ, ನಾ ಹುಡುಗಿ ತಾಯಿ ಇದ್ದೀನ್ರಿ. ಚಪರಾಸಿ ಬಂದದ್ದು ನಮಗ ಗೊತ್ತಾಗಲಿಲ್ರಿ. ಅವರು ಒಪ್ಪ್ಯಾರ. ನಾನೂ ಹೂಂ ಅಂತೀನಿ. ಹೆಸರು ಬರಕೋರಿ, ನಾಳಿನ ಬಸ್ಸಿಗೇ ಕಳಿಸ್ತೀನಿ.”

ಒಂದೇ ಉಸಿರಿಗೆ ಹೇಳಿದಳು, ಒಂದಕ್ಷರ ತಪ್ಪಲಿಲ್ಲ. ನನಗೆ ಕುಣಿಯುವಂತಾಯಿತು. ಇಷ್ಟು ಮಾತು ಇವಳೊಳಗೆ ಇತ್ತೇ ಅನ್ನಿಸಿತು, ಇಷ್ಟು ವರ್ಷ ಇದನ್ನು ಎಲ್ಲಿ ಇಟ್ಟಿದ್ದಳು ಅನ್ನಿಸಿತು. ಅವ್ವನ ಮೇಲಿನ ಸಿಟ್ಟೆಲ್ಲ ಆ ಗಳಿಗೆಯಲ್ಲಿ ಹೋಗಿಬಿಟ್ಟಿತ್ತು.

ಮಾಸ್ತರರು ಎರಡು ಹೆಜ್ಜೆ ಹಿಂದೆ ಸರಿದರು. ಹೆಂಗಸಿನ ದನಿ ಕೇಳಿದ ಕೂಡಲೇ ಕಣ್ಣು ನೆಲಕ್ಕೆ ಹಾಕಿದ್ದರು, ಎತ್ತಲಿಲ್ಲ. ಎಲೆಯಡಿಕೆ ಜಗಿಯುವುದನ್ನೂ ನಿಲ್ಲಿಸಿದ್ದರು. ಬಹಳ ಹೊತ್ತು ಟೊಪ್ಪಿಗೆ ತೆಗೆದು ಕೈಯಲ್ಲಿ ತಿರುಗಿಸಿದರು, ಮತ್ತೆ ಹಾಕಿಕೊಂಡರು. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ನನ್ನ ಆಯುಷ್ಯದಲ್ಲಿ ನನಗಾಗಿ ಅಷ್ಟು ಮಾಡಿದ ಮನುಷ್ಯ ಇನ್ನೊಬ್ಬನಿಲ್ಲ. ಹಿಂದೂ ಮುಸಲ್ಮಾನರ ನಡುವೆ ದಿನಮಾನ ಚಲೋ ಇರಲಿಲ್ಲ, ಒಬ್ಬರ ಮನೆಯ ಹುಡುಗಿಯನ್ನು ಇನ್ನೊಂದು ಊರಿಗೆ ಕಳಿಸಿದ ಹೊಣೆ ನಾಳೆ ಅವರ ತಲೆಗೇ ಬರಬಹುದಿತ್ತು, ಅದೂ ನನಗೆ ಈಗ ತಿಳಿಯುತ್ತದೆ. ಅದೆಲ್ಲ ತಿಳಿದೂ ಅವರನ್ನು ನಾನು ಕ್ಷಮಿಸಿಲ್ಲ. ಆಯಿಯನ್ನಾದರೂ ಕ್ಷಮಿಸಿದ್ದೇನೆ.

“ಅಮ್ಮಾ, ನಿಮ್ಮ ಮಾತು ಕೇಳ್ದೆ,” ಅಂದರು ಮಾಸ್ತರರು, ಬಲು ಮರ್ಯಾದೆಯಿಂದ, ಬಲು ಮೆತ್ತಗೆ. “ನಾಳಿಗಿ ಯಾದಿ ಮುಗೀತದ, ತಡಾ ಮಾಡ್ಲಾಕ ಬರಂಗಿಲ್ಲ. ಹೂಂ ಅನ್ಲಿಕ್ಕ ಮನ್ಯಾಗ ಯಾರಾರ ಅದಾರೇನ್ರಿ? ಶರಣ ಇದ್ರೂ ನಡೀತದ.”

ಅವ್ವ ನನ್ನ ಹೆಗಲ ಮೇಲಿನ ಕೈ ತೆಗೆದಳು.

“ಶರಣ ಹೊಲಕ್ಕ ಹೋಗ್ಯಾನ್ರಿ,” ಅಂದಳು, ಬಾಗಿಲು ಹಾಕಿಕೊಂಡು ರೊಟ್ಟಿ ಬಡಿಯಲು ಹೋದಳು.